ಏನ್‌ಗೆದಿ: ಸಮುದ್ರ ದೂರ ಸರಿದ ಊರು

ಇಸ್ರೇಲ್, ಜೋರ್ಡಾನ್ ದೇಶಗಳ ನಡುವಿನ ಉಪ್ಪುನೀರಿನ ಸರೋವರ ಮೃತ ಸಮುದ್ರ. ಅದರ ದಡದಲ್ಲಿ ಬಾಯ್ತೆರೆದ ದೊಡ್ಡ ದೊಡ್ಡ ಗುಂಡಿಗಳ ಫೋಟೊಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಯಾಕೆ ಹೀಗಾಯ್ತು ಅಂತ ಕೇಳಿದರೆ ಒಬ್ಬರು ನದಿಯ ಕಡೆ ಕೈ ತೋರಿಸುತ್ತಾರೆ, ಒಬ್ಬರು ಕಾರ್ಖಾನೆಯ ಕಡೆ, ಇನ್ನೊಬ್ಬರು ಬಿಸಿಲಿನ ಕಡೆ. ಎಲ್ಲದರಲ್ಲೂ ಸ್ವಲ್ಪ ನಿಜ ಇದೆ. ಈ ಗೋಜಲನ್ನು ಬಿಡಿಸಲು ಒಂದೇ ಊರನ್ನು ಹಿಡಿದುಕೊಂಡು ನೋಡುವುದು ಒಳ್ಳೆಯದು. ಆ ಊರು ಏನ್‌ಗೆದಿ, ಮೃತ ಸಮುದ್ರದ ಪಶ್ಚಿಮ ದಡದಲ್ಲಿರುವ ಇಸ್ರೇಲಿನ ಒಂದು ಕಿಬ್ಬುಟ್ಜ್. ಅಂದರೆ ದುಡಿಮೆ, ಆಸ್ತಿ ಎರಡನ್ನೂ ಹಂಚಿಕೊಂಡು ಬಾಳಬೇಕೆಂದು ಜನ ಕಟ್ಟಿಕೊಂಡ ಹಳ್ಳಿ.

ಹೀಬ್ರೂನಲ್ಲಿ ಏನ್‌ಗೆದಿ ಎಂದರೆ ಮೇಕೆಮರಿಯ ಬುಗ್ಗೆ. ಸುತ್ತ ಬೋಳು ಬೆಟ್ಟ, ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದ ನೆಲ. ಆದರೆ ಪಶ್ಚಿಮದ ಎತ್ತರದ ಬೆಟ್ಟಗಳಲ್ಲಿ ಸುರಿದ ಮಳೆ ನೆಲದೊಳಗೇ ಹರಿದು ಬಂದು ಇಲ್ಲಿ ಬುಗ್ಗೆಯಾಗಿ ಮೇಲೇಳುತ್ತದೆ. ನಹಲ್ ದಾವೀದ್, ನಹಲ್ ಅರುಗೋತ್ ಎಂಬ ಎರಡು ಕಣಿವೆಗಳಲ್ಲಿ ವರ್ಷವಿಡೀ ನೀರಿರುತ್ತದೆ. ಉದ್ದ ಕೊಂಬಿನ ಕಾಡುಮೇಕೆ, ಬಂಡೆ ಸಂದಿಯಲ್ಲಿ ಬಾಳುವ ಮೊಲದಷ್ಟು ದೊಡ್ಡ ಹೈರಾಕ್ಸ್, ಎಲ್ಲಕ್ಕೂ ಆ ನೀರೇ ಆಧಾರ. ರಾಜ ಸೌಲನಿಗೆ ಹೆದರಿ ದಾವೀದ ಅಡಗಿದ್ದು ಇಲ್ಲಿನ ಗವಿಗಳಲ್ಲೇ ಅಂತ ಬೈಬಲ್ ಹೇಳುತ್ತದೆ. ರೋಮನ್ನರ ಕಾಲದಲ್ಲಿ ಇಲ್ಲಿನ ಸುಗಂಧದ ಗಿಡ ದೂರದೂರಕ್ಕೆ ಹೆಸರಾಗಿತ್ತು. ಆಮೇಲೆ ಊರು ಸುಟ್ಟುಹೋಯಿತು, ಶತಮಾನಗಳು ಉರುಳಿದವು.

1953ರಲ್ಲಿ ಯುವ ಸೈನಿಕರು ಇಲ್ಲಿ ಠಾಣ್ಯ ಹೂಡಿದರು. 1956ರಲ್ಲಿ ಅದು ಕಿಬ್ಬುಟ್ಜ್ ಆಯಿತು. ಆಗ ಜೋರ್ಡಾನ್ ಹಿಡಿತದಲ್ಲಿದ್ದ ನೆಲದ ಗಡಿ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿತ್ತು, ದಾರಿ ಬರುತ್ತಿದ್ದುದು ದಕ್ಷಿಣದಿಂದ ಮಾತ್ರ. 1967ರ ಯುದ್ಧದ ನಂತರವೇ ಉತ್ತರದ ದಾರಿ ತೆರೆದದ್ದು. ಜನ ಖರ್ಜೂರ ನೆಟ್ಟರು, ಮನೆಗಳ ನಡುವೆಯೇ ಸಸ್ಯೋದ್ಯಾನ ಬೆಳೆಸಿದರು. ಬಾವೊಬಾಬ್ ಮರಗಳೂ ಅಲ್ಲಿವೆ. ಮರುಭೂಮಿಯಲ್ಲಿ ಹಸಿರು ಎಬ್ಬಿಸುವುದು ಸುಮ್ನೆ ಆಗುವ ಕೆಲಸವಲ್ಲ. ಆದರೆ ಆ ಹಸಿರೂ ಕುಡಿಯುವುದು ಅದೇ ಬುಗ್ಗೆಗಳ ನೀರನ್ನೇ, ಅಲ್ವಾ?

ಅಷ್ಟರಲ್ಲಿ ದೂರದ ಉತ್ತರದಲ್ಲಿ ಬೇರೆಯೇ ಕೆಲಸ ನಡೆದಿತ್ತು. ಮೃತ ಸಮುದ್ರಕ್ಕೆ ನೀರು ತರುವ ಜೋರ್ಡಾನ್ ನದಿ ಗಲಿಲಾಯ ಸರೋವರ ಬಿಟ್ಟು ಹೊರಡುವ ಜಾಗದಲ್ಲೇ 1910ರಲ್ಲಿ ಮೊದಲ ಕಿಬ್ಬುಟ್ಜ್ ದೆಗಾನ್ಯಾ ಹುಟ್ಟಿತ್ತು. ಈಗ ಅಲ್ಲೊಂದು ಅಣೆಕಟ್ಟಿದೆ. 1964ರಲ್ಲಿ ಇಸ್ರೇಲ್ ಸರೋವರದ ನೀರನ್ನು ಕೊಳವೆ, ಕಾಲುವೆಗಳಲ್ಲಿ ಬಯಲಿಗೆ ಒಯ್ಯತೊಡಗಿತು. ಜೋರ್ಡಾನ್ ದೇಶ ಆ ನದಿಯ ಯರ್ಮುಕ್ ಉಪನದಿಗೆ ಕಾಲುವೆ ತೋಡಿತು, ಸಿರಿಯಾ ಯರ್ಮುಕ್‌ಗೆ ಸೇರುವ ಹೊಳೆಗಳಿಗೆ ಅಣೆಕಟ್ಟು ಕಟ್ಟಿತು. ಎಲ್ಲರಿಗೂ ನೀರಿನ ಬಾಯಾರಿಕೆ ಇತ್ತು, ಹೊಲ ಇತ್ತು, ಮಕ್ಕಳಿದ್ದರು. ಸಮುದ್ರದ ಪರವಾಗಿ ಕೇಳುವವರು ಮಾತ್ರ ಇರಲಿಲ್ಲ. ಸಮುದ್ರದ ದಕ್ಷಿಣದ ತುದಿಯಲ್ಲಿ ಇಸ್ರೇಲ್, ಜೋರ್ಡಾನ್ ಎರಡೂ ದೇಶಗಳ ಕಾರ್ಖಾನೆಗಳು ಸಮುದ್ರದ ನೀರನ್ನು ಕೊಳಗಳಿಗೆ ಎತ್ತಿ, ಬಿಸಿಲಿಗೆ ಬತ್ತಿಸಿ ಪೊಟ್ಯಾಷ್ ತೆಗೆಯುತ್ತವೆ. ಅದರಲ್ಲಿ ಒಂದಿಷ್ಟು ಭಾರತಕ್ಕೂ ಬರುತ್ತದೆ. ನಮ್ಮ ಹೊಲಗಳಿಗೆ ಹಾಕುವ ಗೊಬ್ಬರದಲ್ಲೂ ಆ ಸಮುದ್ರದ ಚೂರು ಇರಬಹುದು.

ಹೀಗೆ ಬರುವ ನೀರು ಕಡಿಮೆಯಾಯಿತು, ಆವಿಯಾಗುವುದು ನಿಲ್ಲಲಿಲ್ಲ. ಈಗ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರ್‌ಗಿಂತ ಜಾಸ್ತಿ ಇಳಿಯುತ್ತಿದೆ. 1980ರ ದಶಕದಲ್ಲಿ ಕಿಬ್ಬುಟ್ಜ್ ಪ್ರವಾಸಿಗರಿಗಾಗಿ ಕಟ್ಟಿದ ಸ್ನಾನಗೃಹಕ್ಕೆ (ಸ್ಪಾ) ಆಗ ಸಮುದ್ರ ಪಕ್ಕದಲ್ಲೇ ಇತ್ತು. ನೀರು ದೂರ ಸರಿದಂತೆ ಟ್ರ್ಯಾಕ್ಟರಿಗೆ ಗಾಡಿ ಕಟ್ಟಿ, ಈಜುಡುಗೆ ತೊಟ್ಟವರನ್ನು ಕೂರಿಸಿಕೊಂಡು ನೀರಿನ ತನಕ ಬಿಟ್ಟುಬರಬೇಕಾಯಿತು. ಆ ದಾರಿಯೂ ವರ್ಷ ವರ್ಷ ಉದ್ದವಾಗುತ್ತಾ ಹೋಯಿತು.

ಗುಂಡಿಗಳು ಹುಟ್ಟಿದ್ದು ಇದರ ಬೆನ್ನಿಗೇ. ದಡದ ನೆಲದಡಿ ಸುಮಾರು 10,000 ವರ್ಷ ಹಳೆಯ ಉಪ್ಪಿನ ಪದರವಿದೆ. ಸುತ್ತ ಉಪ್ಪುನೀರೇ ಇರುವಾಗ ಅದು ಕರಗುವುದಿಲ್ಲ. ಸಮುದ್ರ ಇಳಿದಾಗ ಬೆಟ್ಟದ ಕಡೆಯ ಸಿಹಿನೀರು ಆ ಜಾಗಕ್ಕೆ ನುಗ್ಗಿ ಉಪ್ಪನ್ನು ಕರಗಿಸುತ್ತದೆ. ಒಳಗೆ ಟೊಳ್ಳಾಗುತ್ತದೆ. ಮೇಲೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ನೆಲ ದಿಢೀರ್ ಅಂತ ಕುಸಿಯುತ್ತದೆ. ಇದನ್ನೇ ಅಧ್ಯಯನ ಮಾಡುತ್ತಿದ್ದ ಕಿಬ್ಬುಟ್ಜಿನ ಭೂವಿಜ್ಞಾನಿಯೊಬ್ಬರು ಒಮ್ಮೆ ತಾವೇ ಒಂದು ಗುಂಡಿಗೆ ಬಿದ್ದರು. 14 ಗಂಟೆ ಒಳಗೇ ಇದ್ದರು. ಬದುಕುವ ನಂಬಿಕೆ ಇಲ್ಲದೆ, ಜೇಬಿನಲ್ಲಿದ್ದ ಟಾಯ್ಲೆಟ್ ಪೇಪರಿನ ಮೇಲೆ ಮನೆಯವರಿಗೆ ಬರೆದಿಟ್ಟರು. ಪುಣ್ಯಕ್ಕೆ ಬದುಕಿ ಬಂದರು.

ಖರ್ಜೂರದ ತೋಟದ ಒಂದು ಭಾಗವನ್ನು ಜನ ಕೈಬಿಟ್ಟರು, ಒಳಗೆ ಹೋಗುವುದೇ ಅಪಾಯ. ಮರಗಳು ನಿಂತಲ್ಲೇ ಒಣಗಿವೆ. 2015ರಲ್ಲಿ ಹೆದ್ದಾರಿಯ ಒಂದು ತುಂಡನ್ನೂ ಮುಚ್ಚಬೇಕಾಯಿತು. ಕೆಂಪು ಸಮುದ್ರದಿಂದ ನೀರು ತರುವ ಯೋಜನೆಗೆ 2013ರಲ್ಲಿ ಇಸ್ರೇಲ್, ಜೋರ್ಡಾನ್, ಪ್ಯಾಲೆಸ್ತೀನ್ ಮೂರೂ ಸಹಿ ಹಾಕಿದವು. 2021ರಲ್ಲಿ ಅದನ್ನು ಕೈಬಿಡಲಾಯಿತು.

ದಡದ ಇಳಿಜಾರಿನಲ್ಲಿ ಸಾಲು ಸಾಲು ಮೆಟ್ಟಿಲುಗಳಂಥ ಗುರುತುಗಳಿವೆ. ಪ್ರತಿ ಚಳಿಗಾಲ ಅಲೆಗಳು ಕೊರೆದು, ಮರುವರ್ಷ ಕೆಳಗಿಳಿದು ಬಿಟ್ಟುಹೋದ ಗೆರೆಗಳು. ಮೇಲಿಂದ ಕೆಳಕ್ಕೆ ಎಣಿಸುತ್ತಾ ಇಳಿದರೆ ಎಷ್ಟು ವರ್ಷವಾಯಿತೆಂದು ಗೊತ್ತಾಗುತ್ತದೆ.