ಲೆವೆಲ್ 8 ಅಂದರೆ ಎಮರ್ಜೆನ್ಸಿ!

ಸಿ ಪ್ರೋಗ್ರಾಮಿನ ಲಾಗ್‌ಗೆ, ಅಂದರೆ ಓಡುವಾಗ ಅದು ಬರೆದಿಡುವ ಸಂದೇಶಗಳಿಗೆ, ನಮ್ಮದೇ ಒಂದು ಲೆವೆಲ್ (ಗಂಭೀರತೆಯ ಮಟ್ಟ) ಬೇಕು ಅಂತ ಒಂದಲ್ಲ ಒಂದು ದಿನ ಅನಿಸಿಯೇ ಅನಿಸುತ್ತದೆ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಇಂಥ ಸಂದೇಶ ಸಂಗ್ರಹಿಸುವ ವ್ಯವಸ್ಥೆಯಾದ ಸಿಸ್‌ಲಾಗ್‌ನಲ್ಲಿ ಇರುವುದು ಎಂಟೇ ಲೆವೆಲ್. 0 ಎಮರ್ಜೆನ್ಸಿ, 3 ಎರರ್, 4 ವಾರ್ನಿಂಗ್, ಕೊನೆಗೆ 7 ಡೀಬಗ್. ಸಂಖ್ಯೆ ಕಮ್ಮಿಯಾದಷ್ಟೂ ವಿಷಯ ಗಂಭೀರ. ಡೀಬಗ್‌ಗಿಂತ ಜಾಸ್ತಿ ವಿವರಕ್ಕೆ 'ಟ್ರೇಸ್' ಸೇರಿಸಬೇಕಾದರೆ 7 ಆದ ಮೇಲೆ 8, ಅಲ್ವಾ? ನಾನೂ ಹಾಗೇ ಮಾಡಿದ್ದೆ.

ಲೆವೆಲ್‌ಗಳ ಎನಮ್‌ಗೆ (ಸಂಖ್ಯೆಗಳಿಗೆ ಹೆಸರು ಕೊಡುವ ಪಟ್ಟಿಗೆ) 8 ಸೇರಿಸಿ, ಅದನ್ನೇ ಸಿಸ್‌ಲಾಗ್ ಫಂಕ್ಷನ್‌ಗೆ ಕೊಟ್ಟೆ. ಕಂಪೈಲರ್ ತುಟಿ ಬಿಚ್ಚಲಿಲ್ಲ. ಪ್ರೋಗ್ರಾಂ ಓಡಿದ್ದೇ ತಡ, ಆ ಯಂತ್ರದಲ್ಲಿ ಲಾಗಿನ್ ಆಗಿದ್ದವರೆಲ್ಲರ ಟರ್ಮಿನಲ್ ಮೇಲೆ 'ಫಂಕ್ಷನ್ ಶುರು', 'ಫಂಕ್ಷನ್ ಮುಗಿಯಿತು' ಅನ್ನುವ ಸಾಲುಗಳು ಸುರಿಯತೊಡಗಿದವು.

ಯಾಕೆ ಹೀಗಾಯಿತು? ನಾವು ಕೊಡುವ ಸಂಖ್ಯೆಯ ಕೆಳಗಿನ 3 ಬಿಟ್ ಮಾತ್ರ ಲೆವೆಲ್‌ಗೆ ಮೀಸಲು. ಅದರ ಮೇಲಿನ ಬಿಟ್‌ಗಳು ಫೆಸಿಲಿಟಿಗೆ, ಅಂದರೆ ಸಂದೇಶ ಯಾವ ಬಗೆಯ ಪ್ರೋಗ್ರಾಮಿನದು ಎಂದು ಹೇಳುವುದಕ್ಕೆ. 8 ಅನ್ನು ಬೈನರಿಯಲ್ಲಿ ಬರೆದು ನೋಡಿ: 1000. ಕೆಳಗಿನ ಮೂರೂ ಸೊನ್ನೆ. ಲೆವೆಲ್ 0 ಆಗಿಹೋಯಿತು! ಉಳಿದ 1 ಯೂಸರ್ ಫೆಸಿಲಿಟಿ. ಎಮರ್ಜೆನ್ಸಿ ಸಂದೇಶ ಎಲ್ಲರ ಪರದೆಗೂ ಹೋಗುವಂತೆ ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ನನ್ನ ಪುಡಿ ಸಂದೇಶಗಳೂ ಅದೇ ದಾರಿ ಹಿಡಿದವು.

ಆಮೇಲಿಂದ ನಾನು ನಮ್ಮ ಲೆವೆಲ್, ಸಿಸ್‌ಲಾಗ್ ಲೆವೆಲ್ ಎರಡನ್ನೂ ಬೇರೆ ಮಾಡಿದ್ದೇನೆ. ಪ್ರೋಗ್ರಾಮಿನ ಒಳಗೆ ನಮ್ಮದೇ ಎನಮ್, 10, 20, 30 ಅಂತ ನಡುವೆ ಜಾಗ ಬಿಟ್ಟು. ಸಿಸ್‌ಲಾಗ್‌ಗೆ ಕಳಿಸುವ ಒಂದೇ ಒಂದು ಕಡೆ ಸ್ವಿಚ್ (ಒಂದೊಂದು ಬೆಲೆಗೂ ಏನು ಮಾಡಬೇಕೆಂದು ಹೇಳುವ ಸಿ ಹೇಳಿಕೆ) ಇಟ್ಟು ಅದನ್ನು 0ಯಿಂದ 7ರೊಳಗೆ ತರುತ್ತೇನೆ. ಟ್ರೇಸ್ ಅಲ್ಲಿ 7 ಆಗುತ್ತದೆ. ಆ ಸ್ವಿಚ್‌ಗೆ ಬೇಕೆಂದೇ ಡಿಫಾಲ್ಟ್, ಅಂದರೆ 'ಉಳಿದದ್ದಕ್ಕೆಲ್ಲ ಹೀಗೆ' ಅನ್ನುವ ಸಾಲು, ಬರೆಯುವುದಿಲ್ಲ. ಹೊಸ ಲೆವೆಲ್ ಸೇರಿಸಿ ಸ್ವಿಚ್ ಮರೆತರೆ, ಡಬ್ಲ್ಯೂ-ಆಲ್ (-Wall) ಎಂಬ ಎಚ್ಚರಿಕೆಯ ಆಪ್ಷನ್ ಹಾಕಿದ ಜಿಸಿಸಿ ಕಂಪೈಲರ್ ಅದನ್ನು ಹೆಸರು ಹೇಳಿ ತೋರಿಸುತ್ತದೆ.

ಜಿಲಿಬ್ (GLib) ಎಂಬ ಸಿ ಲೈಬ್ರರಿಯ ಲಾಗ್ ಬಳಸುವವರಿಗೆ ಈ ತೊಂದರೆ ಇಲ್ಲ. ಅಲ್ಲಿ ಒಂದೊಂದು ಲೆವೆಲ್‌ಗೂ ಒಂದೊಂದು ಬಿಟ್. ಮೊದಲ 8 ಬಿಟ್ ಜಿಲಿಬ್‌ನವು, ನಮ್ಮವು ಅದರಾಚೆ.

ಇನ್ನೊಂದು ಮಾತು. ನಿಮ್ಮ ಲಾಗ್ ಫಂಕ್ಷನ್‌ಗೆ ಫಾರ್ಮ್ಯಾಟ್ ಆಟ್ರಿಬ್ಯೂಟ್ ('ಇದನ್ನು ಪ್ರಿಂಟ್‌ಎಫ್‌ನಂತೆ ತಪಾಸಣೆ ಮಾಡು' ಎಂದು ಕಂಪೈಲರ್‌ಗೆ ಹೇಳುವ ಗುರುತು) ಹಾಕದೆ ಬಿಡಬೇಡಿ. ಪಠ್ಯ ಮುದ್ರಿಸುವ ಪ್ರಿಂಟ್‌ಎಫ್‌ ಫಂಕ್ಷನ್‌ಗೆ ಕಂಪೈಲರ್ ಮಾಡುವ ತಪಾಸಣೆ ನಾವು ಬರೆದ ಫಂಕ್ಷನ್‌ಗೆ ತಾನಾಗಿ ಸಿಗುವುದಿಲ್ಲ. ಸ್ಟ್ರಿಂಗ್ ಬೇಕಾದ ಕಡೆ ಪೂರ್ಣಾಂಕ ಕೊಟ್ಟರೂ ಅದು ಸುಮ್ನೆ ಇರುತ್ತದೆ. ಎರರ್ ಸಂದೇಶದ ಸಾಲುಗಳು ಓಡುವುದೇ ಅಪರೂಪ. ಹಾಗಾಗಿ ಆ ತಪ್ಪು ಹೊರಬೀಳುವುದು ನಿಜವಾಗಿ ಏನೋ ಕೆಟ್ಟಾಗಲೇ. ಏನು ಕೆಟ್ಟಿತು ಎಂದು ಬರೆಯುವ ಮೊದಲೇ ಪ್ರೋಗ್ರಾಂ ಬಿದ್ದಿರುತ್ತದೆ.