ಕಣ್ಣಿಗೆ ಅವಳಿ, ಸ್ಪ್ಯಾನರ್‌ಗೆ ಅಲ್ಲ

ಡಾಡ್ಜ್ ಚಾರ್ಜರ್ ಡೇಟೋನಾ 1969ರ ಕಾರು. ಪ್ಲಿಮತ್ ಸೂಪರ್‌ಬರ್ಡ್ 1970ರದ್ದು. ಎರಡರ ಫೋಟೋ ಅಕ್ಕಪಕ್ಕ ಇಟ್ಟು ತೋರಿಸಿದರೆ ಯಾರಾದರೂ ಅನ್ನೋದು ಒಂದೇ: ಕಾರು ಅದೇ, ಬಣ್ಣ ಬೇರೆ. ಚೂಪು ಮೂತಿ, ಹಿಂದೆ ಡಿಕ್ಕಿಯ ಮೇಲೆ ಬಟ್ಟೆ ಒಣಗಿಸೋ ಸ್ಟ್ಯಾಂಡಿನ ಹಾಗೆ ಎದ್ದು ನಿಂತ ರೆಕ್ಕೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಎರಡೂ ಅಮೆರಿಕದ ಕ್ರೈಸ್ಲರ್ ಕಂಪನಿಯವೇ ಅಲ್ವಾ, ಒಂದರ ಮೂತಿ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು ಅಂತ.

ಆಗೋದಿಲ್ಲ. ಗ್ಯಾರೇಜಿನಲ್ಲಿ ಯಾವಾಗಲೂ ಕೇಳೋ ಪ್ರಶ್ನೆ, "ಇದರ ಸಾಮಾನು ಅದಕ್ಕೆ ಕೂರುತ್ತಾ?" ಈ ಎರಡು ಕಾರುಗಳಲ್ಲಿ ಅದಕ್ಕೆ ಸಿಗುವ ಉತ್ತರ ಸ್ವಲ್ಪ ತಮಾಷೆಯದು. ನೋಡಿದ ಕೂಡಲೇ ಒಂದೇ ಥರ ಕಾಣುವ ಭಾಗಗಳೇ ಕೂರುವುದಿಲ್ಲ. ಕಣ್ಣಿಗೆ ಬೀಳದ ಭಾಗಗಳು ಹೆಚ್ಚೂಕಮ್ಮಿ ಎಲ್ಲ ಕೂರುತ್ತವೆ.

ಇದು ಹೀಗೇಕೆ ಅಂತ ತಿಳಿಯಬೇಕಾದರೆ ಗಾಳಿಯಿಂದ ಶುರು ಮಾಡಬೇಕು. ಆಗ ಅಮೆರಿಕದ ನ್ಯಾಸ್ಕಾರ್ ಅನ್ನೋ ಕಾರ್ ರೇಸಿನಲ್ಲಿ ಫೋರ್ಡ್‌ಗೂ ಕ್ರೈಸ್ಲರ್‌ಗೂ ಜಿದ್ದಾಜಿದ್ದಿ. ಎಂಜಿನ್‌ಗಳು ಆಗಲೇ ಏಳು ಲೀಟರ್ ಮುಟ್ಟಿದ್ದವು, ಶಕ್ತಿಗೇನೂ ಬರ ಇರಲಿಲ್ಲ. ಅಡ್ಡ ಬರುತ್ತಿದ್ದದ್ದು ಗಾಳಿ. 1968ರ ಚಾರ್ಜರ್ ನೋಡೋಕೆ ಬಹಳ ಚೆಂದ, ಆದರೆ ಗಾಳಿಯ ಕಣ್ಣಲ್ಲಿ ಅದೊಂದು ಕೆಟ್ಟ ಆಕಾರ. ಮುಂದಿನ ಗ್ರಿಲ್ ಗುಹೆಯ ಹಾಗೆ ಒಳಕ್ಕೆ ಹೋಗಿತ್ತು, ನುಗ್ಗಿದ ಗಾಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದಿನ ಗಾಜು ಎರಡು ಕಂಬಗಳ ನಡುವೆ ಆಳದಲ್ಲಿ ಕೂತಿತ್ತು. ಮಾಡಿನ ಮೇಲೆ ಹರಿದು ಬಂದ ಗಾಳಿ ಅಲ್ಲಿ ಲೋಹದ ಮೈ ಬಿಟ್ಟು ಸುಳಿಯಾಗಿ ತಿರುಗುತ್ತಿತ್ತು, ಆ ಸುಳಿಯ ಜಾಗದಲ್ಲಿ ಒತ್ತಡ ಕಡಿಮೆಯಾಗಿ ಕಾರನ್ನು ಹಿಂದಕ್ಕೂ ಮೇಲಕ್ಕೂ ಎಳೆಯುತ್ತಿತ್ತು.

ಮೊದಲ ರಿಪೇರಿ ಚಾರ್ಜರ್ 500 ಅನ್ನೋ ಮಾದರಿ. ಗುಹೆ ಮುಚ್ಚೋಕೆ ಹೊಸ ಗ್ರಿಲ್ ಮಾಡುತ್ತಾ ಕೂರಲಿಲ್ಲ, ಅದೇ ಕಂಪನಿಯ 1968ರ ಡಾಡ್ಜ್ ಕೊರೊನೆಟ್ ಕಾರಿನ ಗ್ರಿಲ್ ತಂದು ಮುಂದಕ್ಕೆ ಕೂರಿಸಿದರು. ಹಿಂದೆ ತಗಡಿನ ಚೌಕಟ್ಟು ವೆಲ್ಡ್ ಮಾಡಿ ಗಾಜನ್ನು ಮಾಡಿನ ಇಳಿಜಾರಿಗೇ ತಂದರು. ಗಾಜು ಹಿಂದಕ್ಕೆ ಚಾಚಿಕೊಂಡ ಮೇಲೆ ಡಿಕ್ಕಿಯ ಮುಚ್ಚಳಕ್ಕೆ ಜಾಗ ಸಾಲದೆ ಅದನ್ನು ಗಿಡ್ಡ ಮಾಡಬೇಕಾಯಿತು. ಡೇಟೋನಾ ಕಟ್ಟಿದ್ದು ಇದೇ ದೇಹದ ಮೇಲೆ. ಹಾಗಾಗಿ ಮಾಮೂಲಿ ಚಾರ್ಜರ್‌ನ ಡಿಕ್ಕಿ ಮುಚ್ಚಳ ಡೇಟೋನಾಕ್ಕೆ ಬರುವುದಿಲ್ಲ. ಹೆಸರಿನಲ್ಲಿ ಚಾರ್ಜರ್ ಅಂತ ಇದೆ, ಆದರೂ ಇಲ್ಲ! ಗಾಳಿ ಹೇಳಿದ ಒಂದು ತಿದ್ದುಪಡಿ ಪಕ್ಕದ ಭಾಗದ ಅಳತೆಯನ್ನೂ ಕೆಡಿಸುತ್ತದೆ.

ಅಷ್ಟೂ ಸಾಲದಾದಾಗ ಬಂದದ್ದು ಮೂತಿ ಮತ್ತು ರೆಕ್ಕೆ. ಉಕ್ಕಿನ ಉದ್ದ ಮೂತಿ ಗಾಳಿಯನ್ನು ಸೀಳಿ ಮುಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವಂತೆ ಮಾಡುತ್ತದೆ. ಅಲ್ಯೂಮಿನಿಯಂ ರೆಕ್ಕೆ ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದ ಹಾಗೆ, ಅದು ಎತ್ತುವುದಿಲ್ಲ, ಅದುಮುತ್ತದೆ. ಈ ಒತ್ತಡ ವೇಗದ ವರ್ಗದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 80 ಕಿ.ಮೀ.ನಲ್ಲಿ ಇರುವುದಕ್ಕಿಂತ 320ರಲ್ಲಿ ಹದಿನಾರು ಪಟ್ಟು! ಪೇಟೆಯಲ್ಲಿ ಆ ರೆಕ್ಕೆ ಸುಮ್ನೆ ಶೋಕಿ. ರೇಸಿನಲ್ಲಿ ಅದೇ ಜೀವ. 1970ರ ಮಾರ್ಚ್ 24ರಂದು ಅಲಬಾಮಾದ ಟ್ಯಾಲಡೀಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಡೇಟೋನಾವನ್ನು ಗಂಟೆಗೆ 200.447 ಮೈಲಿ, ಅಂದರೆ ಸುಮಾರು 323 ಕಿ.ಮೀ. ಓಡಿಸಿದರು. ಅಧಿಕೃತ ಲೆಕ್ಕದಲ್ಲಿ ನ್ಯಾಸ್ಕಾರ್‌ನವರು 200 ಮೈಲಿ ದಾಟಿದ್ದು ಅದೇ ಮೊದಲು.

ರೆಕ್ಕೆ 23 ಇಂಚು ಎತ್ತರ. ಡಿಕ್ಕಿ ತೆಗೆಯೋಕೆ ಅಂತಲೇ ಅಷ್ಟು ಎತ್ತರ ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಮುಚ್ಚಳ ರೆಕ್ಕೆಯ ಕೆಳಗೇ ತೆರೆದುಕೊಳ್ಳುತ್ತದೆ, ನಿಜ. ಆದರೆ ಮಾಡಿನ ಹಿಂದಿನ ಸುಳಿಗಾಳಿಯಿಂದ ಮೇಲೆ, ನೇರವಾಗಿ ಹರಿಯುವ ಗಾಳಿಗೆ ರೆಕ್ಕೆ ಸಿಗುವುದೂ ಆ ಎತ್ತರದಿಂದಲೇ. ಅಷ್ಟು ಒತ್ತಡ ಬರೀ ತಗಡಿನ ಮೇಲೆ ಬಿದ್ದರೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಡಿಕ್ಕಿಯ ಒಳಗಡೆ ಆಸರೆಗೆ ಬ್ರಾಕೆಟ್ ಕೊಟ್ಟಿದ್ದಾರೆ.

ಇನ್ನು ಸೂಪರ್‌ಬರ್ಡ್. ಹೆಸರಾಂತ ರೇಸ್ ಚಾಲಕ ರಿಚರ್ಡ್ ಪೆಟಿ ಪ್ಲಿಮತ್ ಬಿಟ್ಟು 1969ರಲ್ಲಿ ಫೋರ್ಡ್‌ಗೆ ಹೋಗಿಬಿಟ್ಟಿದ್ದರು, ಅವರನ್ನು ವಾಪಸ್ ಕರೆಸೋಕೆ ಪ್ಲಿಮತ್‌ಗೂ ಒಂದು ರೆಕ್ಕೆಯ ಕಾರು ಬೇಕಾಯಿತು. ಈ ಸಲ ಅಡಿಪಾಯ ರೋಡ್‌ರನ್ನರ್ ಅನ್ನೋ ಕಾರು. ಕಷ್ಟ ಶುರುವಾಗಿದ್ದೇ ಇಲ್ಲಿ. ರೋಡ್‌ರನ್ನರ್‌ನ ಮುಂಭಾಗ ಆ ಉದ್ದ ಮೂತಿಗೆ ಹೊಂದಲೇ ಇಲ್ಲ. ಏನು ಮಾಡಿದರು? ಮತ್ತೆ ಅದೇ ಕೊರೊನೆಟ್‌ನ ಮನೆಗೆ ಹೋದರು. 1970ರ ಕೊರೊನೆಟ್‌ನ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ತಂದರು, ಬಾನೆಟ್ ತಂದು ತಿದ್ದಿದರು, ಅದಕ್ಕೆ ತಕ್ಕ ಹಾಗೆ ಮೂತಿಯನ್ನು ಬೇರೆಯೇ ಮಾಡಿದರು. ಡೇಟೋನಾದ ಫೆಂಡರ್ ಮತ್ತು ಬಾನೆಟ್ ಆಗಿನ್ನೂ ಬರಬೇಕಿದ್ದ 1970ರ ಚಾರ್ಜರ್‌ನ ಮಾದರಿಯವು. ಅಂದರೆ ಮೂತಿ ಹೋಗಿ ಸೇರುವ ಅಂಚೇ ಎರಡು ಕಾರಿನಲ್ಲೂ ಬೇರೆ ಬೇರೆ. ದೂರದಿಂದ ಒಂದೇ ಮೂತಿ, ಹತ್ತಿರ ಹೋಗಿ ಹಿಡಿದರೆ ಗೆರೆ ಕೂಡುವುದಿಲ್ಲ.

ರೆಕ್ಕೆಯ ಕತೆಯೂ ಇದೇ. ಸೂಪರ್‌ಬರ್ಡ್‌ನ ರೆಕ್ಕೆ ಸ್ವಲ್ಪ ಹೆಚ್ಚು ಎತ್ತರ, ಕಾಲುಗಳು ಬುಡದಲ್ಲಿ ಅಗಲ, ಹಿಂದಕ್ಕೆ ಜಾಸ್ತಿ ವಾಲಿವೆ. ಬೋಲ್ಟ್ ಎಲ್ಲಿ ಬರಬೇಕೋ ಅಲ್ಲಿ ಬರುವುದಿಲ್ಲ. ಹೊಸ ತೂತು ಕೊರೆದು ಕೂರಿಸುತ್ತೇನೆ ಅನ್ನೋ ಮೇಸ್ತ್ರಿಗಳು ಇದ್ದೇ ಇರುತ್ತಾರೆ. ಕೂರಿಸಬಹುದು, ಆದರೆ ಗಾಳಿ ಒಪ್ಪಬೇಕಲ್ಲ! ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತ ರೆಕ್ಕೆ ಕೆಳಗೆ ಅದುಮಿದಾಗ ಏತದ ಹಾಗೆ ಮುಂಭಾಗ ಹಗುರಾಗುತ್ತದೆ. ಅದನ್ನು ಸರಿದೂಗಿಸುವುದು ಮೂತಿಯ ಕೆಲಸ. ಮೂತಿ, ರೆಕ್ಕೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ ಹೊಂದಿಸಿರುತ್ತಾರೆ.

ಹಿಂದಿನ ಗಾಜಿಗೆ ಬರೋಣ. ಸೂಪರ್‌ಬರ್ಡ್‌ಗೂ ಚೌಕಟ್ಟು ವೆಲ್ಡ್ ಮಾಡಿ ಗಾಜನ್ನು ಹೊರಕ್ಕೆ ತಂದರು. ಅದರದ್ದೇ ಬೇರೆ ಗಾಜು. ಡೇಟೋನಾದ್ದೂ ಅಲ್ಲ, ಮಾಮೂಲಿ ರೋಡ್‌ರನ್ನರ್‌ದೂ ಅಲ್ಲ. ವೆಲ್ಡಿಂಗ್ ಗೆರೆಗಳನ್ನು ಉಜ್ಜಿ ನುಣ್ಣಗೆ ಮಾಡುತ್ತಾ ಕೂತರೆ ಸಮಯ, ದುಡ್ಡು ಎರಡೂ ದಂಡ ಅಂತ ಮಾಡಿನ ಮೇಲೆ ಕಪ್ಪು ವಿನೈಲ್ ಅಂಟಿಸಿಬಿಟ್ಟರು. ಅದನ್ನು ಐಷಾರಾಮಿ ಅಂದುಕೊಂಡವರಿದ್ದಾರೆ. ಅಸಲಿಗೆ ಅದು ಟಿಂಕರಿಂಗ್ ಮುಚ್ಚೋ ಉಪಾಯ.

ಈಗ ಕಾರನ್ನು ಜಾಕ್ ಮೇಲೆ ಎತ್ತಿ ಕೆಳಗೆ ತೂರಿ ನೋಡಿ. ಅಲ್ಲಿ ಅಣ್ಣತಮ್ಮಂದಿರ ಸಂಬಂಧ ಕಾಣುತ್ತದೆ. ಚಾರ್ಜರ್, ಕೊರೊನೆಟ್, ರೋಡ್‌ರನ್ನರ್ ಎಲ್ಲವೂ ಕ್ರೈಸ್ಲರ್‌ನ ಬಿ-ಬಾಡಿ ಅನ್ನೋ ಒಂದೇ ಕುಟುಂಬ. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ, ಬದಲಿಗೆ ತಿರುಚಿಕೊಂಡು ಭಾರ ತಡೆಯುವ ಉಕ್ಕಿನ ಉದ್ದ ಸರಳು, ಟಾರ್ಷನ್ ಬಾರ್. ಇದರದ್ದು ಅದಕ್ಕೆ ಕೂರುತ್ತದೆ. 440 ಘನ ಇಂಚಿನ ಎಂಜಿನ್ ಕೂರುತ್ತದೆ, ದುಬಾರಿ 426 ಹೆಮಿ ಎಂಜಿನ್ನೂ ಎರಡಕ್ಕೂ ಸಿಗುತ್ತಿತ್ತು. ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್, ಬ್ರೇಕು, ಸ್ಟೀರಿಂಗ್, ಇವೆಲ್ಲ ಆ ಕುಟುಂಬದ ಯಾವುದೋ ಬಡಪಾಯಿ ಕಾರಿನಿಂದಲೂ ಸಿಕ್ಕೀತು. ಇಲ್ಲಿಗೆ ಗಾಳಿ ತಲುಪಿ ಗಲಾಟೆ ಮಾಡುವುದು ಕಡಿಮೆ, ಹಾಗಾಗಿ ಬೇರೆ ಅಚ್ಚು ಮಾಡೋ ಖರ್ಚು ಯಾಕೆ?

ಪಕ್ಕದ ಪಾಳಯದ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಫೋರ್ಡ್‌ನವರು 1969ರ ಟೊರಿನೋ ಟ್ಯಾಲಡೀಗಾ ಕಾರಿಗೆ ನುಣುಪಾದ ಮುಂದಿನ ಬಂಪರ್ ಬೇಕು ಅಂತ ಹುಡುಕಿ, ತಮ್ಮದೇ ಕಾರಿನ ಹಿಂದಿನ ಬಂಪರ್ ತಂದು, ಕತ್ತರಿಸಿ, ಕಿರಿದು ಮಾಡಿ, ನಡುವೆ ವೆಲ್ಡ್ ಹಾಕಿ ಮುಂದೆ ಸಿಕ್ಕಿಸಿದರು. ನನಗೆ ಕ್ರೈಸ್ಲರ್‌ನ ರೆಕ್ಕೆಗಿಂತ ಈ ಜುಗಾಡೇ ಇಷ್ಟ.

ಇಷ್ಟೆಲ್ಲ ಮಾಡಿದ್ದು ರೇಸಿಗೆ, ಆದರೆ ನಿಯಮದ ಪ್ರಕಾರ ಅದೇ ಕಾರನ್ನು ಜನರಿಗೂ ಮಾರಬೇಕಿತ್ತು. 1969ರಲ್ಲಿ ಐನೂರು ಕಾರು ಸಾಕಿತ್ತು, ಡೇಟೋನಾ ಅದನ್ನು ಹಾಗೂ ಹೀಗೂ ದಾಟಿತು. 1970ಕ್ಕೆ ನಿಯಮ ಬಿಗಿಯಾಗಿ ಪ್ಲಿಮತ್ ಎರಡು ಸಾವಿರದ ಹತ್ತಿರ ಸೂಪರ್‌ಬರ್ಡ್ ಮಾಡಬೇಕಾಯಿತು. ಕೊಳ್ಳುವವರು ಅಷ್ಟಿರಲಿಲ್ಲ. ಕೆಲವು ಡೀಲರ್‌ಗಳು ಬೇಸತ್ತು ಮೂತಿ, ರೆಕ್ಕೆ ಬಿಚ್ಚಿ, ರೋಡ್‌ರನ್ನರ್‌ನ ಫೆಂಡರ್, ಬಾನೆಟ್, ಬಂಪರ್ ಹಾಕಿ ಮಾಮೂಲಿ ಕಾರಿನ ಹಾಗೆ ಮಾರಿದರು. ಸಾಮಾನು ಅದಲುಬದಲು ಅಂದರೆ ಇದೇ! ಚಾಸಿ ನಂಬರ್ ಕೂಡ ಸಹಾಯಕ್ಕೆ ಬರುವುದಿಲ್ಲ. ಡೇಟೋನಾದ ನಂಬರ್ XX29 ಅಂತ ಶುರುವಾಗುತ್ತದೆ, ಚಾರ್ಜರ್ 500ರದ್ದೂ ಅದೇ. ಸೂಪರ್‌ಬರ್ಡ್‌ನದು ರೋಡ್‌ರನ್ನರ್‌ನ ಹಾಗೇ RM23. ಅದಕ್ಕೆ ಗೊತ್ತಿದ್ದವರು ಅಂಥ ಹಳೇ ರೋಡ್‌ರನ್ನರ್ ಕಂಡರೆ ನೇರ ಹಿಂದಕ್ಕೆ ಹೋಗುತ್ತಾರೆ. ಮೂತಿ ಬೋಲ್ಟಿನಲ್ಲಿ ನಿಂತಿತ್ತು, ಬಿಚ್ಚಿದರು. ಹಿಂದಿನ ಗಾಜಿನ ಚೌಕಟ್ಟು ವೆಲ್ಡಿಂಗ್, ಅದನ್ನು ಸ್ಪ್ಯಾನರ್ ಹಿಡಿದು ಬಿಚ್ಚೋಕೆ ಆಗುವುದಿಲ್ಲ.