ಡಯಾಲಿಸಿಸ್ ಕ್ಯಾಥೆಟರ್ ಸೋಂಕು ತಡೆಗೆ ಜೇನು: ಪ್ರಯೋಗಗಳನ್ನು ಓದುವ ಬಗೆ

ಸಸ್ಯಮೂಲದ ಯಾವುದೇ ಮದ್ದನ್ನು ಡಯಾಲಿಸಿಸ್ ರೋಗಿಗೆ ಸೂಚಿಸಿದರೆ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದು ಹಚ್ಚುವುದಾ, ನುಂಗುವುದಾ? ಎರಡರ ಲೆಕ್ಕ ಪೂರ್ತಿ ಬೇರೆ.

ಹಚ್ಚುವುದನ್ನೇ ಮೊದಲು ನೋಡೋಣ. ಡಯಾಲಿಸಿಸ್‌ಗಾಗಿ ದೇಹದೊಳಗೆ ಹಾಕಿದ ಕೊಳವೆ, ಅಂದರೆ ಕ್ಯಾಥೆಟರ್, ಚರ್ಮದಿಂದ ಹೊರಬರುವ ಜಾಗ ಬ್ಯಾಕ್ಟೀರಿಯಾಗಳಿಗೆ ತೆರೆದ ದಾರಿ. ಕೆಲವರ ಮೂಗಿನೊಳಗೆ ಸುಮ್ನೆ ಇರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೈಬೆರಳಿನ ಮೂಲಕ ಅಲ್ಲಿಗೆ ಬರುತ್ತದೆ. ಕೊಳವೆಗೆ ಅಂಟಿಕೊಂಡು ಬಯೋಫಿಲ್ಮ್ ಎಂಬ ಲೋಳೆ ಪದರ ಕಟ್ಟಿದರೆ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ಎಷ್ಟೋ ಸಲ ಕ್ಯಾಥೆಟರನ್ನೇ ತೆಗೆಯಬೇಕಾಗುತ್ತದೆ. ಅದಕ್ಕೇ ಮ್ಯುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಹಚ್ಚುವುದು. ಆದರೆ ಅದನ್ನು ಬಹಳ ಕಾಲ ಬಳಸಿದಾಗ ಅದಕ್ಕೂ ಜಗ್ಗದ ತಳಿಗಳು ಹುಟ್ಟುತ್ತವೆ. ಹಾಗಾಗಿ ಜೇನಿನತ್ತ ಕಣ್ಣು ಹೋಯಿತು.

ಜೇನು ಜೇನುಹುಳುವಿನದಲ್ವಾ ಎಂದು ಕೇಳಬಹುದು. ಹೌದು, ಆದರೆ ಮನುಕಾ ಎಂಬ ಗಿಡದ ಹೂವಿನಿಂದ ಆಗುವ ಮನುಕಾ ಜೇನಿನ ವಿಶೇಷ ಶಕ್ತಿ ಆ ಗಿಡದಿಂದಲೇ ಬಂದದ್ದು. ಆ ಹೂವಿನ ಮಕರಂದದಲ್ಲಿರುವ ಡೈಹೈಡ್ರಾಕ್ಸಿ ಅಸಿಟೋನ್, ಜೇನಿನಲ್ಲಿ ನಿಧಾನವಾಗಿ ಮೀಥೈಲ್ ಗ್ಲಯಾಕ್ಸಲ್ ಆಗುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಮುಖ್ಯವಾಗಿ ಅದೇ.

2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 101 ಹೀಮೋಡಯಾಲಿಸಿಸ್ (ಯಂತ್ರದಲ್ಲಿ ರಕ್ತ ಶುದ್ಧಮಾಡುವ ವಿಧಾನ) ರೋಗಿಗಳಿದ್ದರು. ಕ್ಯಾಥೆಟರ್ ಜಾಗಕ್ಕೆ ಕೆಲವರಿಗೆ ಜೇನು, ಉಳಿದವರಿಗೆ ಮ್ಯುಪಿರೋಸಿನ್. ರಕ್ತದ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಎಚ್ಚರ ಬೇಕು: ವ್ಯತ್ಯಾಸ ಕಾಣಲಿಲ್ಲ ಎಂದರೆ ಎರಡೂ ಸಮ ಎಂದಲ್ಲ. ಇಷ್ಟು ಚಿಕ್ಕ ಗುಂಪಿನಲ್ಲಿ ನಿಜವಾದ ವ್ಯತ್ಯಾಸವೂ ಕಣ್ಣಿಗೆ ಬೀಳದೆ ಹೋಗಬಹುದು.

2014ರಲ್ಲಿ ಫಲಿತಾಂಶ ಬಂದ ಹನಿಪಾಟ್ ಪ್ರಯೋಗ ಇನ್ನೂ ದೊಡ್ಡದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 371 ಪೆರಿಟೋನಿಯಲ್ ಡಯಾಲಿಸಿಸ್ (ಹೊಟ್ಟೆಯೊಳಗೆ ದ್ರವ ತುಂಬಿಸಿ ಶುದ್ಧಮಾಡುವ ವಿಧಾನ) ರೋಗಿಗಳು. ಒಂದು ಗುಂಪಿಗೆ ಪ್ರತಿದಿನ ಜೇನು. ಇನ್ನೊಂದರಲ್ಲಿ, ಮೂಗಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಇದ್ದವರಿಗೆ ಮಾತ್ರ ಮೂಗಿಗೆ ಮ್ಯುಪಿರೋಸಿನ್. ಮೊದಲ ಸೋಂಕಿನವರೆಗಿನ ಮಧ್ಯಮ ಅವಧಿ (ಅರ್ಧದಷ್ಟು ಜನರಿಗೆ ಸೋಂಕು ತಗಲುವವರೆಗಿನ ಸಮಯ) ಜೇನಿನವರಲ್ಲಿ 16.0 ತಿಂಗಳು, ಇನ್ನೊಂದು ಗುಂಪಿನಲ್ಲಿ 17.7. ಜೇನು ಗೆಲ್ಲಲಿಲ್ಲ. ಅದೂ ಜೇನನ್ನು ಹೋಲಿಸಿದ್ದು ಕ್ಯಾಥೆಟರ್ ಜಾಗಕ್ಕೇ ದಿನಾ ಮುಲಾಮು ಹಚ್ಚಿಕೊಳ್ಳುವವರ ಜೊತೆಗಲ್ಲ. ಪರೀಕ್ಷೆಯಲ್ಲಿ ಈ ಪ್ರಯೋಗದ ಬಗ್ಗೆ ಬರೆಯುವಾಗ ಈ ಅಂಶ ಬಿಡಬೇಡಿ.

ಅದಕ್ಕಿಂತ ಗಂಭೀರ ವಿಷಯ ಸಕ್ಕರೆ ಕಾಯಿಲೆಯವರದ್ದು. ಇದೇ ಪ್ರಯೋಗದಲ್ಲಿ ಅವರಿಗೆ ಜೇನು ಹಚ್ಚಿದಾಗ ಸೋಂಕಿನ ಅಪಾಯ ಇನ್ನೊಂದು ಗುಂಪಿನ 1.85 ಪಟ್ಟು ಕಂಡಿತು. ಕಿಡ್ನಿ ಕೆಡಲು ದೊಡ್ಡ ಕಾರಣವೇ ಸಕ್ಕರೆ ಕಾಯಿಲೆ. ನನಗಂತೂ ಇಷ್ಟೇ ಸಾಕು, ಜೇನನ್ನು ಎಲ್ಲರಿಗೂ ಹೇಳಲಾಗದು. ಇನ್ನು ಅಡುಗೆಮನೆಯ ಜೇನಂತೂ ಬೇಡವೇ ಬೇಡ. ಅದರಲ್ಲಿ ಕ್ಲಾಸ್ಟ್ರೀಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ಗಾಯಕ್ಕೆಂದು ತಯಾರಿಸುವ ವೈದ್ಯಕೀಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಗೊಳಿಸಿರುತ್ತಾರೆ.

ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿಯ ಅಲಿಸಿನ್ ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಆದರೆ ತಟ್ಟೆಗೆ ಹಾಕಿದಷ್ಟು ಪ್ರಮಾಣ ರಕ್ತಕ್ಕೆ ಸೇರುವುದಿಲ್ಲ. ಕರ್ಕ್ಯುಮಿನ್ ಕರುಳಿನಲ್ಲಿ ಹೀರಿಕೊಳ್ಳುವುದೇ ತೀರಾ ಕಡಿಮೆ.

ನುಂಗುವ ವಿಷಯಕ್ಕೆ ಬಂದರೆ, ಕಿಡ್ನಿ ಹೊರಹಾಕಬೇಕಾದದ್ದು ದೇಹದಲ್ಲೇ ಉಳಿಯುತ್ತದೆ. ನೋನಿ ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದು ಏರಿದರೆ ಹೃದಯದ ಬಡಿತ ತಪ್ಪಬಹುದು. ಸ್ಟಾರ್ ಫ್ರೂಟ್‌ನಲ್ಲಿರುವ ನಂಜಿನಿಂದ ಡಯಾಲಿಸಿಸ್ ರೋಗಿಗಳಿಗೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದಿವೆ, ಸಾವೂ ಆಗಿದೆ. ಬೆಳ್ಳುಳ್ಳಿ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸಬಹುದು. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಎಂಬ ಔಷಧಿಯನ್ನೂ ಕೊಡುವುದರಿಂದ, ರೋಗಿ ಇಂಥದ್ದು ತೆಗೆದುಕೊಳ್ಳುತ್ತಿದ್ದಾರಾ ಎಂದು ಮೊದಲೇ ಕೇಳಿ ಕೇಸ್ ಶೀಟಿನಲ್ಲಿ ಬರೆದಿಡಬೇಕು.